ಸೊರಬದಿಂದ ಬಾರದ ಜವಾಬು

ಶಿಕಾರಿಪುರದ ಅಂಚೆ ಕಚೇರಿಯಲ್ಲಿ ಟೆಲಿಗ್ರಾಂ ಕಳಿಸುವ ತಂತಿಯ ಕೀಲಿ ಬಡಿಯುತ್ತಿದ್ದವನು ದಾವೂದ್. ನಾನು ಪಕ್ಕದಲ್ಲೇ ಸ್ಟಾಂಪು ಮಾರುತ್ತಿದ್ದೆ. ಜವಾಬಿಗೆ ಕಾದು ಕೂತವರನ್ನು ಅವನು ಐದು ಹೊಡೆಯುತ್ತಲೇ ಎಬ್ಬಿಸುತ್ತಿದ್ದ. "ಹೊತ್ತಾತ್ರೀ, ಇನ್ನು ಬರಂಗಿಲ್ಲ. ನಿಮ್ಮ ಪಾಡಿಗೆ ನೀವು ತೀರ್ಮಾನ ಮಾಡ್ಕೊಳ್ರಿ." ಕಲ್ಲೆದೆಯವನು ಎಂದು ಎಷ್ಟೋ ಸಲ ಬೈದುಕೊಂಡಿದ್ದೇನೆ. ಒಂದು ಬೇಸಿಗೆಯ ಆಮೇಲೆ ಅವನು ಯಾರನ್ನೂ ಎಬ್ಬಿಸಲಿಲ್ಲ, ಮೇಲಿನವರು ಬೈದರೂ ಸರಿ. ಯಾಕೆಂದು ನನಗೆ ಗೊತ್ತು.

ಎಪ್ಪತ್ನಾಲ್ಕರ ಬೇಸಿಗೆ. ಒಂದು ಬೆಳಿಗ್ಗೆ ಅವನ ತಾಯಿ ಸುಗ್ರಾ ಬೀ ತೀರಿಕೊಂಡರು. ತಂಗಿ ಜೈನಾಬ್ ಸೊರಬದಲ್ಲಿ; ಯಾವುದೋ ಮಾತಿಗೆ ಮುನಿಸಿಕೊಂಡು ಎರಡು ವರ್ಷದಿಂದ ತಾಯಿಯ ಹೊಸ್ತಿಲು ತುಳಿದಿರಲಿಲ್ಲ. ತಂತಿಯನ್ನು ದಾವೂದನೇ ಬಡಿದ: ಅಮ್ಮಿ ಹೋದಳು, ಬರುತ್ತೀಯೋ, ಜವಾಬು ಕೊಡು.

ಸೋದರಮಾವ ಜಮಾಲ್ ಸಾಬ್ ಕಚೇರಿಗೇ ಬಂದು ಹೇಳಿದರು. "ಮಣ್ಣು ಮಾಡೋದು ತಡ ಆಗ್ಬಾರದಪ್ಪ. ಸಾಯಂಕಾಲ ಅಸರ್ ನಮಾಜಿನ ತನಕ ನೋಡಾಣ. ಮುಖ ನೋಡೋಕೆ ಬರ್ತೀನಿ ಅಂದ್ರೆ ಕಾಯಾಣ, ಸುಮ್ನಿದ್ರೆ ಎತ್ತಿಬಿಡಾಣ."

ದಾವೂದ್ ಕೀಲಿ ಬಿಟ್ಟು ಏಳಲಿಲ್ಲ, ನೀರೂ ಮುಟ್ಟಲಿಲ್ಲ. ಮಧ್ಯಾಹ್ನ ಸೊರಬದ ಕಚೇರಿಯಲ್ಲಿ ಕೀಲಿಗೆ ಕೂರುವ ಪುಟ್ಟಪ್ಪ ಒಮ್ಮೆ ಬಡಿದ: ತಂತಿ ಅವಳ ಕೈಗೇ ಮುಟ್ಟಿದೆ, ಜವಾಬಿಲ್ಲ, ಮತ್ತೆ ಕಳಿಸೋಣವೆಂದರೆ ತಂತಿ ಹಂಚುವ ಆಳು ಕುಬಟೂರಿಗೆ ಹೋಗಿದ್ದಾನೆ. ಅಷ್ಟೇ. ಆ ಕೀಲಿಯ ಕಬ್ಬಿಣದ ತುಂಡನ್ನು ಕಿತ್ತು ಬೀದಿಗೆ ಎಸೆಯಬೇಕು ಅನ್ನಿಸಿತು ನನಗೆ.

"ಒಂದಕ್ಷರ ಸಾಕಿತ್ತಲ್ರೀ," ಎಂದು ದಾವೂದ್ ನನ್ನ ಕೈ ಹಿಡಿದುಕೊಂಡ. "ಸತ್ತ ತಾಯಿ ಮ್ಯಾಲೆ ಇಷ್ಟು ಹಟ ಏನ್ರೀ?" ಮಸೀದಿಯಿಂದ ಅಸರ್ ನಮಾಜಿನ ಅಜಾನ್ ಕೇಳಿತು. ಅವನು ಎದ್ದ.

ಹೆಗಲು ಕೊಟ್ಟು, ಮಣ್ಣು ಹಾಕಿ, ಬಸ್‌ಸ್ಟ್ಯಾಂಡು ದಾಟಿ ಮನೆ ಕಡೆ ನಡೆದಿದ್ದೆವು. ಸೊರಬದ ಬಸ್ಸು ಆಗ ಬಂತು. ಶಿರಾಳಕೊಪ್ಪದಲ್ಲಿ ಕೆಟ್ಟು ನಿಂತಿತ್ತಂತೆ. ಮೊದಲು ಇಳಿದವಳೇ ಜೈನಾಬ್. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕೈಯಲ್ಲಿ ರೊಟ್ಟಿಯ ಹಿಟ್ಟು ಒಣಗಿ ಅಂಟಿತ್ತು.

"ಜವಾಬು ಯಾಕೆ ಕೊಡಲಿಲ್ಲ?" ದಾವೂದ್ ಕೇಳಿದ.

"ಪೋಸ್ಟಾಫೀಸಿಗೆ ಹೋಗಿ ನಿಂತಿದ್ರೆ ಬಸ್ಸು ತಪ್ಪಿಹೋಗ್ತಿತ್ತು, ಭಾಯ್. ಅಮ್ಮಿ ಹೋದ್ಳು ಅಂದ್ಮೇಲೆ ಬರದೇ ಇರ್ತೀನಾ? ಅದನ್ನೂ ಕೇಳ್ಬೇಕಿತ್ತಾ? ನಡಿ, ಮುಖ ನೋಡ್ಬೇಕು."

ದಾವೂದ್ ಮಣ್ಣಾದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.