ಖಂಡೆ ಪೂಜೆಯ ಮರುದಿನ ಬಿಚ್ಚಿದ ಗಾಲಿ

ಸದ್ದು ಶುರುವಾದದ್ದು ದಸರೆಯ ಖಂಡೆ ಪೂಜೆಯ ದಿನ ಬೆಳಿಗ್ಗೆ, ಬನಹಟ್ಟಿ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ. ಹಿಂದಿನ ಗಾಲಿಗಳ ಕಡೆಯಿಂದ ಕರ್ ಕರ್ ಎಂದು, ಬೀಸುಕಲ್ಲಿಗೆ ಕಾಳಿನ ಜೊತೆ ಹರಳೂ ಬಿದ್ದ ಹಾಗೆ. ಮುಧೋಳದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಹಬ್ಬವಿರಲಿ, ಬಿಡಲಿ, ಏಳು ಗಂಟೆಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಬೆಂಚಿನ ಮೇಲೆ ಕೂತಿರುತ್ತಾರೆ. ಆ ಹೊತ್ತಿಗೆ ನನ್ನನ್ನು ಅಲ್ಲಿಗೆ ಮುಟ್ಟಿಸುವ ಬಸ್ಸಿಲ್ಲ. ಕಾರು ಹೋದರೆ ನನ್ನ ಕೆಲಸವೂ ಹೋಯಿತು, ಆಮೇಲೆ ಅಡುಗೆಮನೆಯಿಂದ ಮಗ್ಗದ ಕೋಣೆಗೆ, ಮಗ್ಗದ ಕೋಣೆಯಿಂದ ಅಡುಗೆಮನೆಗೆ. ಮದುವೆಯಾದ ಹೊಸತರಲ್ಲಿ ಆರು ವರ್ಷ ಹಾಗೇ ತಿರುಗಿದ್ದೇನೆ. ಇನ್ನೊಮ್ಮೆ ನನ್ನಿಂದ ಆಗದು.

ಕಾರು ಮಾವನವರದು. ದಿನಾ ಸಂಜೆ ಬಂದ ಕೂಡಲೇ ಕೀಲಿಯನ್ನು ಅವರ ಕೈಗೆ ಕೊಡಬೇಕು, ಬೆಳಿಗ್ಗೆ ಮತ್ತೆ ಕೇಳಿ ಇಸಿದುಕೊಳ್ಳಬೇಕು. ಮಾವ ಕೆಟ್ಟವರಲ್ಲ. ಆದರೆ ತಮ್ಮ ತಪ್ಪನ್ನು ಇನ್ನೊಬ್ಬರ ಬಾಯಿಂದ ಕೇಳಲಾರರು. ಹಿಂದೊಮ್ಮೆ ಅವರು ಬೈಕಿಗೆ ಪೆಟ್ರೋಲಿನ ಬದಲು ಡೀಸೆಲ್ ಹಾಕಿಸಿದ್ದನ್ನು ನನ್ನ ಗಂಡ ನಾಲ್ಕು ಮಂದಿಯ ಎದುರು ಹೇಳಿ ನಕ್ಕಿದ್ದರು. ಆ ವಾರವೇ ಮಾವ ಬೈಕು ಮಾರಿದರು. ಅಂದಿನಿಂದ ನನ್ನ ಗಂಡ ಅಪ್ಪನ ಎದುರು ಬಾಯಿ ಬಿಟ್ಟದ್ದನ್ನು ನಾನು ಕಂಡಿಲ್ಲ.

ಡ್ಯೂಟಿ ಮುಗಿಸಿ ವಾಪಸು ಬರುವಾಗ ಮಹಾಲಿಂಗಪುರದಲ್ಲಿ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಒಳಗೆ ಪಾನಾ, ಜಾಕು, ಸುತ್ತಿಗೆ ಎಲ್ಲ ಸಾಲಾಗಿ ಹಲಗೆಯ ಮೇಲೆ ಕುಂಕುಮ, ಚೆಂಡು ಹೂವು ಏರಿಸಿಕೊಂಡು ಕೂತಿದ್ದವು. ಮಿಸ್ತ್ರಿ ಹೊಸ ಅಂಗಿ ತೊಟ್ಟಿದ್ದ.

"ಇವತ್ತ ಪಾನಾ ಎತ್ತಂಗಿಲ್ರಿ ಅಕ್ಕಾರ. ನಾಳಿ ಬನ್ನಿ ಮುಡದ ಮ್ಯಾಲೆ ಬರ್ರಿ," ಎಂದ.

"ಏನಾಗೇತಿ ಅಂತರ ಹೇಳೋ ಅಣ್ಣಾ," ಎಂದೆ.

ಆತ ನನ್ನ ಮುಖ ನೋಡಿ, "ಸಾಮಾನಿಗೆ ಪೂಜಿ ಮಾಡೇನಿ, ಕಿವಿಗೇನ ಮಾಡಿಲ್ಲ. ನಡಸ್ರಿ," ಎಂದ.

ನಾನು ಮೆಲ್ಲಗೆ ಕಾರು ಬಿಟ್ಟೆ. ಆತ ಹೊಸ ಅಂಗಿಯಲ್ಲೇ ಹಿಂದಿನ ಗಾಲಿಯ ಪಕ್ಕ ಬಗ್ಗಿ ನಡೆದ. ಹ್ಯಾಂಡ್ ಬ್ರೇಕು ಒಂದೇ ಒಂದು ಹಲ್ಲು ಎಳೆಯಲು ಹೇಳಿದ. ಎಳೆದೆ. ಸದ್ದು ದುಪ್ಪಟ್ಟಾಯಿತು.

"ಬೇರಿಂಗ್ ಅಲ್ರಿ. ಬೇರಿಂಗ್ ಹೋದ್ರ ಗುಂಯ್ ಅಂತೈತಿ. ಇದು ಬ್ರೇಕಿನ ಡ್ರಮ್ಮಿನ್ಯಾಗ ಏನೋ ಸಿಕ್ಕೊಂಡ ಅರ್ಯಾಕತ್ತೈತಿ. ಸಾವಕಾಶ ಮನಿಗೆ ಹೋಗ್ರಿ."

ಸಾವಕಾಶವೇ ಹೋದೆ. ಪೂಜೆಗೆಂದು ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಬೇರೆ ದಿನವಾಗಿದ್ದರೆ ಆ ಗದ್ದಲದಲ್ಲಿ ನನ್ನ ಗಾಲಿಯ ಸದ್ದು ಮುಚ್ಚಿಹೋಗುತ್ತಿತ್ತು. ಅಂದು ಇಡೀ ಓಣಿಗೆ ಕೇಳಿಸಿತು. ಮಾವ ಕಟ್ಟೆಯ ಮೇಲಿಂದ ಎದ್ದು ನಿಂತರು.

"ಗಾಡಿಗೆ ವಯಸ್ಸಾತು. ನಾಳಿ ಮಿಸ್ತ್ರಿ ಏನಂತಾನ ಕೇಳು. ದೊಡ್ಡ ರಿಪೇರಿ ಅಂದ್ರ ಕೊಟ್ಟಬಿಡೂಣು. ನೀ ಇನ್ನ ಎಷ್ಟ ದಿನ ಅಂತ ಓಡಾಡ್ತಿ, ಮನ್ಯಾಗ ಆರಾಮ ಇರು," ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದರು ಎಂಬುದಕ್ಕೇ ನನಗೆ ಇನ್ನಷ್ಟು ಉರಿಯಿತು.

ಮರುದಿನ ಮಧ್ಯಾಹ್ನ ಮಿಸ್ತ್ರಿ ನನಗೆ ಬನ್ನಿ ಎಲೆ ಕೊಟ್ಟು, ಹಲಗೆಯ ಮೇಲಿನ ಜಾಕಿಗೆ ಕೈಮುಗಿದು ಎತ್ತಿಕೊಂಡ. ಗಾಲಿ ಕಳಚಿ ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಡ್ರಮ್ಮು ಕೈಗೆ ಬಂದಾಗ ಅದರ ಜೊತೆ ಹಸಿ ಮರಳೂ ರಾಡಿಯೂ ಬೊಗಸೆಯಷ್ಟು ನೆಲಕ್ಕೆ ಬಿತ್ತು.

"ಹೊಳಿಗೆ ಒಯ್ದಿದ್ರೇನ್ರಿ?"

ಒಯ್ದಿದ್ದರು. ಪೂಜೆಯ ಹಿಂದಿನ ದಿನ ಮಾವ ಕಾರನ್ನು ಕೃಷ್ಣೆಗೆ ಇಳಿಸಿ, ಎತ್ತಿನ ಮೈ ತಿಕ್ಕುವ ಹಾಗೆ ತಿಕ್ಕಿ ತೊಳೆದು ತಂದಿದ್ದರು. ನಾನೇ ಹೂವಿನ ಹಾರ ಕಟ್ಟಿದ್ದೆ.

ಮಿಸ್ತ್ರಿ ಗಾಳಿ ಹೊಡೆದು, ಒರೆಸಿ, ಗೀರು ಬಿದ್ದ ಕಡೆ ಮರಳು ಕಾಗದದಿಂದ ಉಜ್ಜಿ, ಸವೆದ ಬ್ರೇಕ್ ಶೂಗಳನ್ನು ಬದಲಿಸಿದ. ಎರಡೂ ಗಾಲಿಗೆ ಹಾಗೇ ಮಾಡಿ, ಕೈಯಿಂದ ತಿರುಗಿಸಿ ತೋರಿಸಿದ. ಸದ್ದಿಲ್ಲ.

"ಇನ್ನೊಮ್ಮಿ ನೀರಾಗ ಇಳಿಸಿದ್ರ ಡ್ರಮ್ಮ ಹೋಗತಾವ ನೋಡ್ರಿ. ಬ್ರೇಕ್ ಹತ್ತಲಿಲ್ಲಂದ್ರ ನಿಮ್ಮ ಜೀವಕ್ಕ ಕುತ್ತು," ಎಂದ.

ಮನೆಯತ್ತ ಬರುವ ದಾರಿಯುದ್ದಕ್ಕೂ ಮಾತು ಜೋಡಿಸಿದೆ. ನೀವು ಒಯ್ದಿದ್ದಿರಲ್ಲ, ಅದಕ್ಕೇ ಹೀಗಾಯಿತು ಎಂದರೆ ಬೈಕಿನ ಗತಿಯೇ ಕಾರಿಗೂ. ಬೇರಿಂಗ್ ಹೋಗಿತ್ತು ಎಂದರೆ ದೊಡ್ಡ ರಿಪೇರಿ. ಎಲ್ಲಿ ಹೊರಳಿದರೂ ಗೋಡೆ. ದಿನಾ ಸೂಜಿ ಚುಚ್ಚಿ ಎಂಥೆಂಥವರ ರಕ್ತ ತೆಗೆಯುವ ನನಗೆ, ಮನೆಯ ಒಬ್ಬ ಹಿರಿಯರಿಗೆ ಒಂದು ನಿಜ ಹೇಳುವ ಧೈರ್ಯವಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಾವ ಬಾಗಿಲಲ್ಲೇ ಕಾಯುತ್ತಿದ್ದರು. "ಏನಂದನವಾ ಮಿಸ್ತ್ರಿ?"

"ಏನಿಲ್ರಿ ಮಾವಾರ, ಧೂಳ ಹೊಕ್ಕಿತ್ತಂತ. ಸ್ವಚ್ಛ ಮಾಡಿಕೊಟ್ಟಾನ."

"ಇಷ್ಟನ?" ಮಾವನ ಮುಖ ಅರಳಿತು. ಕೀಲಿ ಕೊಡಲು ಕೈ ಚಾಚಿದೆ. ಅವರು ನನ್ನ ಬೆರಳುಗಳನ್ನು ಕೀಲಿಯ ಮೇಲೆಯೇ ಮಡಚಿದರು. "ಇರಲಿ, ಇನ್ನ ಮ್ಯಾಲೆ ನಿನ್ನ ಹತ್ತರನ ಇರಲಿ. ಛಲೋ ನಡಸ್ತಿ. ಐತವಾರ ಒಂದಿನ ನನಗ ಕೊಡು, ಸಾಕು. ವಾರಾ ವಾರಾ ಹೊಳಿಗೆ ಒಯ್ದು, ಗಾಲಿ ಮುಳುಗೂಮಟ ನಿಲ್ಲಿಸಿ ತೊಳಕೊಂಡ ಬರತೇನಿ. ಒಂದ ಕಣ ಧೂಳ ಉಳೀಬಾರದು."

ಕೆಲಸಕ್ಕೆ ಸೇರಿದ ನಾಲ್ಕು ವರ್ಷದಲ್ಲಿ ಮೊದಲ ಸಲ ಕೀಲಿ ನನ್ನ ಕೈಯಲ್ಲೇ ಉಳಿದಿತ್ತು. "ಹೂಂ ರೀ ಮಾವಾರ," ಅಂದೆ.

ಅಂದು ಶುಕ್ರವಾರ.