ತೊಳೆಯುವ ಕೈ, ಉಣಿಸುವ ಕೈ

ನನ್ನ ಅತ್ತೆಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ, ಅವರೇ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುತ್ತಾರೆ. ಪಕ್ಕದ ಮನೆಯ ಹಗ್ಗದ ಮೇಲಿನ ಬಟ್ಟೆ ನಮ್ಮದಕ್ಕಿಂತ ಬೆಳ್ಳಗಿದ್ದರೆ ಅವತ್ತು ಅವರಿಗೆ ಊಟ ಸೇರುವುದಿಲ್ಲ. ಬಟ್ಟೆ ಒಗೆಯುವುದು ಅವರ ಕಸುಬು. ಹೋಟೆಲುಗಳ ಬೆಡ್‌ಶೀಟು, ಟವೆಲ್ಲುಗಳು ಬಂದು ಬೀಳುವ ಲಾಂಡ್ರಿಯಲ್ಲಿ ನನ್ನ ಗಂಡ ಹುಟ್ಟುವ ಮೊದಲಿನಿಂದಲೂ ದುಡಿಯುತ್ತಿದ್ದಾರೆ. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿಗಳು ನುಣ್ಣಗಾಗಿಹೋಗಿವೆ. ಕಲೆ ಕಾಣಲಿಲ್ಲವೆಂದರೆ ಕೊಳೆ ಇಲ್ಲವೆಂದೇ ಅರ್ಥ ಎಂಬುದು ಅವರ ನಂಬಿಕೆ. ಅದರ ಬಗ್ಗೆ ಅವರ ಜೊತೆ ವಾದ ಮಾಡಿ ಗೆದ್ದವರಿಲ್ಲ.

ನನ್ನ ಮಗನಿಗೆ ಎರಡು ವರ್ಷ. ಎಲ್ಲರಿಗೂ ಹುಕುಂ ಕೊಡುತ್ತಾನಾದ್ದರಿಂದ ಮನೆಯಲ್ಲಿ ಅವನ ಹೆಸರು ಸಾಹೇಬ. ಸಾಹೇಬರಿಗೆ ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ, ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಬೇಕಾಯಿತು. ನಾನಾಗ ಎರಡನೆಯ ಸಲ ಬಸುರಿ. ಒಬ್ಬಳಿಗೇ ಆಗುವುದಿಲ್ಲವೆಂದು ನನ್ನ ಅಮ್ಮ ಒಂದು ಚೀಲ ಹಿಡಿದು ಬಂದಳು. ಸಾಹೇಬ ಗುಣವಾಗಿ ಮನೆಗೆ ಬಂದ ಮೇಲೂ, ಹೇಗೂ ಬಾಣಂತನ ಹತ್ತಿರ ಬಂತಲ್ಲ ಎಂದು ಉಳಿದುಬಿಟ್ಟಳು. ಅತ್ತೆಯ ಎದೆಗೆ ಬೆಂಕಿ ಬಿದ್ದದ್ದು ಆಗಲೇ.

ಅಮ್ಮನ ತಪ್ಪೇನೂ ಇರಲಿಲ್ಲ. ಅವಳದು ಮೆತ್ತಗಿನ ಮಾತು, ಮೆತ್ತಗಿನ ಮಡಿಲು. ಸಾಹೇಬ ಹೋಗಿ ಹೋಗಿ ಅದರಲ್ಲೇ ಕೂರುತ್ತಿದ್ದ. ಲಾಂಡ್ರಿಯಿಂದ ಬಂದ ಅತ್ತೆ ಚಪ್ಪಲಿ ಬಿಡುತ್ತಲೇ ಆ ಮಡಿಲ ಕಡೆ ಒಂದು ನೋಟ ಹರಿಸಿ, "ಬೀಗಿತ್ತಿಯವರಿಗೆ ಕಾಲು ಜೋಮು ಹಿಡಿದಿರಬೇಕು, ಪಾಪ" ಎನ್ನುತ್ತಿದ್ದರು. ಆ ಪಾಪದಲ್ಲಿ ಪಾಪ ಎಷ್ಟಿತ್ತೋ ದೇವರಿಗೇ ಗೊತ್ತು.

ಒಂದು ದಿನ ಆಸ್ಪತ್ರೆಯಿಂದ ನರ್ಸ್ ಮನೆಗೇ ಬಂದಳು. ಮನೆಗೆ ಹೋದ ಮಕ್ಕಳು ಹೇಗಿದ್ದಾರೆಂದು ನೋಡುವುದು ಅವಳ ಕೆಲಸ.

"ಇವನು ಚೆನ್ನಾಗಿದಾನೆ, ಹೆದರ್ಕೋಬೇಡಿ. ಆದ್ರೆ ಡಿಸ್ಚಾರ್ಜ್ ಮಾಡೋವಾಗ ಮಲ ಟೆಸ್ಟ್ ಮಾಡಿದ್ವಲ್ಲ, ಇವನ ಕರುಳಲ್ಲಿ ಒಂಥರಾ ಬ್ಯಾಕ್ಟೀರಿಯಾ ಸಿಕ್ಕಿದೆ. ಸಾಮಾನ್ಯವಾಗಿ ಕೊಡೋ ಆ್ಯಂಟಿಬಯಾಟಿಕ್‌ಗೆ ಅದು ಬಗ್ಗೋದಿಲ್ಲ."

"ಅಷ್ಟೊಂದು ಔಷಧಿ ಹಾಕಿದ್ರಲ್ಲ, ಸಾಯ್ಲಿಲ್ವಾ ಅದು?" ಎಂದರು ಅತ್ತೆ.

"ಸಾಯೋವೆಲ್ಲ ಸತ್ತು ಜಾಗ ಖಾಲಿ ಆಯ್ತು. ಸಾಯದೇ ಇರೋವು ಅಲ್ಲೇ ಸಂಸಾರ ಹೂಡಿದ್ವು. ಇವನಿಗೆ ಅದರಿಂದ ಏನೂ ಆಗ್ತಿಲ್ಲ. ಕೆಲವು ತಿಂಗಳು ಇದ್ದು ತಾನಾಗೇ ಹೋಗಬಹುದು. ಆದ್ರೆ..." ಎಂದು ಅವಳು ನನ್ನ ಹೊಟ್ಟೆ ನೋಡಿದಳು. "ಎಳೇ ಕೂಸಿಗೆ ಹತ್ತಿ ರಕ್ತಕ್ಕೆ ಇಳಿದ್ರೆ, ಕೊಡೋಕೆ ನಮ್ಮ ಹತ್ರ ಔಷಧಿ ಕಮ್ಮಿ. ಮಲದಿಂದ ಕೈಗೆ, ಕೈಯಿಂದ ಬಾಯಿಗೆ ಹೋಗೋದು ಇದು. ಕಣ್ಣಿಗೆ ಕಾಣಲ್ಲ. ಎಲ್ಲಾರೂ ಸೋಪು ಹಾಕಿ ಕೈ ತೊಳೀಬೇಕು. ನೀವು ಇಷ್ಟು ಜನ ಇದೀರಿ, ಕೆಲಸಾನೂ ಹಂಚ್ಕೊಳ್ಳಿ. ತೊಳೆಯೋ ಕೈ ಬೇರೆ, ಉಣಿಸೋ ಕೈ ಬೇರೆ ಇರಲಿ. ಈ ಮನೇಲಿ ತೊಳೆಯೋದ್ರಲ್ಲಿ ಯಾರದು ಎತ್ತಿದ ಕೈ?"

ಪ್ರಶ್ನೆ ಮುಗಿಯುವುದಕ್ಕೂ ಬಿಡಲಿಲ್ಲ ಅತ್ತೆ. "ನಂದು ಅಂತ ಬೇರೆ ಹೇಳ್ಬೇಕಾ? ಈ ಬೀದೀಲಿ ಯಾರನ್ನಾದ್ರೂ ಕೇಳಿ."

"ಹಾಗಾದ್ರೆ ಇವನ ಕುಂಡಿ, ಚಡ್ಡಿ, ಬಟ್ಟೆ ಎಲ್ಲಾ ನಿಮ್ಮದು. ಊಟ ಮಾಡಿಸೋದು?"

"ನಾನೇ ಮಾಡಿಸ್ತೀನಮ್ಮ" ಎಂದಳು ನನ್ನ ಅಮ್ಮ, ಮೆತ್ತಗೆ.

ಅತ್ತೆ ನಾಲಿಗೆ ಕಚ್ಚಿಕೊಂಡರು. ಆದರೆ ಕೊಚ್ಚಿಕೊಂಡ ಮಾತನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ನನಗೆ ನಗು ತಡೆಯಲಾಗಲಿಲ್ಲ, ಒಳಗೆ ಹೋಗಿ ನಕ್ಕು ಬಂದೆ. ನನ್ನ ಗಂಡ ಏನೋ ತರುವ ನೆಪದಲ್ಲಿ ಅಂಗಡಿಗೆ ಹೋದರು. ಬೀಗಿತ್ತಿಯರಿಬ್ಬರ ನಡುವೆ ಗಾಳಿ ಬಿಸಿಯಾದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಸಾಮಾನು ಮುಗಿದುಹೋಗಿರುತ್ತಿತ್ತು.

ಅಂದಿನಿಂದ ಅತ್ತೆಗೆ ಬಚ್ಚಲು, ಅಮ್ಮನಿಗೆ ಅಡುಗೆಮನೆ. ಅಮ್ಮ ಗಂಜಿಯನ್ನು ಊದಿ ಊದಿ ಚಮಚದಲ್ಲಿ ಉಣಿಸುವಾಗ ಸಾಹೇಬ ಮೂತಿ ಮುಂದೆ ಮಾಡಿ ಕೂತಿರುತ್ತಿದ್ದ. ಇತ್ತ ಅತ್ತೆ ಅವನ ಬಟ್ಟೆಗಳನ್ನು ಕುದಿಯುವ ನೀರಿಗೆ ಹಾಕಿ ಕೋಲಿನಿಂದ ತಿರುವುತ್ತ, "ಉಣ್ಣೋವಾಗ ಅವರು, ಹೇತಾಗ ನಾನು. ಒಳ್ಳೇ ನ್ಯಾಯ" ಎಂದು ಕೇಳುವಷ್ಟು ಜೋರಾಗಿ ಗೊಣಗುತ್ತಿದ್ದರು. ಅವರ ಸಂಕಟ ನನಗೂ ಅರ್ಥವಾಗುತ್ತಿತ್ತು. ನನ್ನ ಗಂಡ ಚಿಕ್ಕವರಿದ್ದಾಗ ಅತ್ತೆ ಲಾಂಡ್ರಿಯಲ್ಲೇ ಇರುತ್ತಿದ್ದರು, ಮಗನಿಗೆ ತುತ್ತು ಕೊಟ್ಟವರು ಪಕ್ಕದ ಮನೆಯವರು. ಮೊಮ್ಮಗನಿಗಾದರೂ ತಮ್ಮ ಕೈಯಿಂದ ಉಣಿಸಬೇಕೆಂದಿದ್ದರು. ಈ ಮಾತನ್ನು ಅವರು ನನಗೆ ಒಮ್ಮೆ ಮಾತ್ರ ಹೇಳಿದ್ದರು, ಅದೂ ಬೆಡ್‌ಶೀಟ್ ಹಿಂಡುತ್ತ, ನನ್ನ ಮುಖ ನೋಡದೆ.

ಕೂಸು ಹುಟ್ಟುವ ದಿನ ಹತ್ತಿರ ಬಂದಾಗ ನರ್ಸ್ ಮತ್ತೆ ಬಂದು ಸಾಹೇಬನ ಜೊತೆ ಮನೆಯವರೆಲ್ಲರ ಮಲವನ್ನೂ ಟೆಸ್ಟಿಗೆ ತೆಗೆದುಕೊಂಡು ಹೋದಳು. ಮುಂದಿನ ಸಲ ಬಂದವಳ ಮುಖ ಗಂಟಿಕ್ಕಿತ್ತು. ಸಾಹೇಬನಲ್ಲಿ ಅದು ಇನ್ನೂ ಇತ್ತು. ನನಗೂ ನನ್ನ ಗಂಡನಿಗೂ ಇರಲಿಲ್ಲ. ಅಜ್ಜಿಯರಿಬ್ಬರಲ್ಲೂ ಇತ್ತು.

"ನನಗಿದ್ರೆ ಸರಿ, ತೊಳೆಯೋಳು ನಾನು" ಎಂದರು ಅತ್ತೆ. ಅವರಿಗೆ ಹೆದರಿಕೆಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. "ಅವರಿಗೆ ಹೇಗೆ ಬಂತು?"

ಅಮ್ಮ ಸೆರಗಿನ ತುದಿ ಸುತ್ತತೊಡಗಿದಳು. "ನೀವು ಲಾಂಡ್ರಿಗೆ ಹೋದಾಗ... ಒಂದೊಂದ್ಸಲ ನಾನೂ ತೊಳೀತಿದ್ದೆ."

"ಯಾಕೆ?"

"ನೀವು ತೊಳೆಯೋವಾಗ ಅವನು ಹಾಡು ಹೇಳ್ತಾನೆ, ಕೈ ತಟ್ಟಿ ನಗ್ತಾನೆ. ಬಚ್ಚಲ ಬಾಗಿಲು ಹಾಕಿದ್ರೂ ನನಗೆ ಕೇಳ್ಸುತ್ತೆ. ನನ್ನ ಹತ್ರ ಊಟ ಮಾಡ್ತಾನೆ, ಎದ್ದು ಹೋಗ್ತಾನೆ. ಒಂದಿನಾನೂ ಹಾಡಿಲ್ಲ."

ಅತ್ತೆ, "ಅದಕ್ಕೇ ಮಡಚಿಟ್ಟ ಚಡ್ಡಿಗಳ ಮೂಲೆ ಒಳಗೆ ಹೋಗಿರ್ತಿತ್ತು. ನನ್ನ ಮಡಿಕೆ ಅಲ್ವಲ್ಲ ಇದು ಅಂತ ಅನ್ಕೊಂಡಿದ್ದೆ" ಎಂದರು.

"ಅವನ ತೋಳಿಗೆ ಬಾಳೆಹಣ್ಣು ಮೆತ್ತಿರ್ತಿತ್ತಲ್ಲ, ಅದನ್ನ ನಾನೂ ನೋಡ್ತಿದ್ದೆ" ಎಂದಳು ಅಮ್ಮ, ಅಷ್ಟೇ ಮೆತ್ತಗೆ.

ಈಗ ಅತ್ತೆಯ ಸರದಿ. ಒಣಹಾಕಿದ ಬೆಡ್‌ಶೀಟುಗಳ ಮರೆಯಲ್ಲಿ ಬಾಳೆಹಣ್ಣನ್ನು ಬೆರಳಲ್ಲೇ ಕಿವುಚಿ ಅವರು ಅವನ ಬಾಯಿಗೆ ಇಡುತ್ತಿದ್ದರಂತೆ. "ಕೈ ಬೆಳ್ಳಗೇ ಇತ್ತು, ಒಂದು ಕಲೆ ಇರ್ಲಿಲ್ಲ" ಎಂದರು. ಎಂದವರೇ ತಮ್ಮ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನನಗೆ ಈ ಸಲ ನಗು ಬರಲಿಲ್ಲ, ಮೈ ಉರಿಯಿತು. ಇಬ್ಬರಿಗೂ ಬಾಯಿಗೆ ಬಂದಂತೆ ಅಂದುಬಿಟ್ಟೆ. ಹೊಟ್ಟೆಯಲ್ಲಿರುವ ಕೂಸು ನಿಮ್ಮಿಬ್ಬರ ಜಿದ್ದಿಗೆ ಬಲಿಯಾಗಬೇಕಾ ಎಂದು ಕೇಳಿದೆ.

ನರ್ಸೇ ನನ್ನನ್ನು ಸಮಾಧಾನ ಮಾಡಿದಳು. ಯಾರಿಗೂ ಕಾಯಿಲೆ ಇಲ್ಲ, ಕೂಸನ್ನು ಎತ್ತಿಕೊಳ್ಳಬಾರದು ಅಂತಲೂ ಇಲ್ಲ. ಆದರೆ ಸೋಪು ಹಾಕಿ ಕೈ ತೊಳೆಯದೆ ಯಾರೂ ಮುಟ್ಟುವ ಹಾಗಿಲ್ಲ, ಅಷ್ಟೇ.

ಕೂಸು ಸ್ವಲ್ಪ ಮುಂಚೆಯೇ ಹುಟ್ಟಿತು. ಗಂಡು, ಅಂಗೈಗಿಂತ ಚೂರು ದೊಡ್ಡದು ಅನ್ನಬೇಕು. ಮನೆಗೆ ತಂದ ಮೇಲೆ ಅಜ್ಜಿಯರಿಬ್ಬರೂ ನಲ್ಲಿಯ ಹತ್ತಿರ ಒಬ್ಬರನ್ನೊಬ್ಬರು ಪೊಲೀಸರ ಹಾಗೆ ಕಾದರು. "ಉಗುರ ಸಂದಿ ಬಿಟ್ರಿ, ಬೀಗಿತ್ತಿ." "ನೀವು ಹೆಬ್ಬೆರಳು ತೊಳೀಲೇ ಇಲ್ಲ." ಕೂಸನ್ನು ಎತ್ತಿಕೊಳ್ಳಲು ಬೆಳಿಗ್ಗೆ ಅಮ್ಮನ ಸರದಿ, ಅತ್ತೆ ಲಾಂಡ್ರಿಯಿಂದ ಬಂದ ಮೇಲೆ ಅವರ ಸರದಿ. ಕೂಸು ತಮ್ಮ ಮಡಿಲಿಗೆ ಬಂದಾಗ ಅತ್ತೆ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು. ಆ ಹೊತ್ತಿನಲ್ಲಿ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದು ಜೋರಾಗುತ್ತಿತ್ತು.

ಒಂದು ಸಂಜೆ ಅತ್ತೆಯ ಮಡಿಲಲ್ಲಿ ಕೂಸು ಆಗಷ್ಟೇ ಕಣ್ಣು ತೆರೆದಿತ್ತು. ನಾನು ಮಂಚದಿಂದ ನೋಡುತ್ತಿದ್ದೆ. ಸಾಹೇಬ ಬಚ್ಚಲ ಕಡೆಯಿಂದ ಬಂದ, ಚಡ್ಡಿ ಇರಲಿಲ್ಲ. ತಾನೇ ಬಿಚ್ಚಿಕೊಂಡು, ತನ್ನ ಕೆಲಸ ತಾನೇ ಮುಗಿಸಿ ಬಂದಿದ್ದ. ತಮ್ಮನನ್ನು ಕಂಡು ಮುಖ ಅರಳಿತು. ತೋರುಬೆರಳು ಚಾಚಿ ಕೂಸಿನ ಬಾಯಿಯ ಕಡೆಗೇ ನಡೆದ. ಬೆರಳು ಬೆಳ್ಳಗಿತ್ತು, ಒಂದು ಕಲೆ ಇರಲಿಲ್ಲ.

ಅತ್ತೆ ಆ ಬೆರಳನ್ನು ನೋಡಿದರು. "ಬೀಗಿತ್ತೀ, ಕೈ ತೊಳ್ಕೊಂಡು ಬೇಗ ಬನ್ನಿ" ಎಂದು ಕೂಗಿ, ಅಷ್ಟರಲ್ಲಿ ಕೂಸನ್ನು ಎದೆಗವಚಿ ಎದ್ದು ನಿಂತರು. ಸಾಹೇಬ ಅವರ ಸೀರೆ ಹಿಡಿದು ಎಗರತೊಡಗಿದ. ಅಮ್ಮ ಒದ್ದೆ ಕೈ ಒರೆಸಿಕೊಂಡು ಓಡಿ ಬಂದಳು. ಅತ್ತೆ ಒಂದು ಕ್ಷಣ ಕೂಸನ್ನು ಬಿಡಲಾರದೆ ಹಿಡಿದವರು, ಆಮೇಲೆ ತಾವೇ ಅವಳ ಕೈಗೆ ಇಟ್ಟರು. "ನೀವಿಟ್ಕೊಳ್ಳಿ. ಇವನನ್ನ ನಾನು ತೊಳೀತೀನಿ."

ಬಚ್ಚಲಲ್ಲಿ ಸಾಹೇಬ ಹಾಡು ಶುರುಮಾಡಿದ. ಅತ್ತೆ ಅವನ ಕೈ ತೊಳೆದರು, ತಮ್ಮ ಕೈ ತೊಳೆದರು, ಸೋಪು ಹಾಕಿ ಮತ್ತೊಮ್ಮೆ ತೊಳೆದರು. ಬಂದು ನೋಡಿದರೆ ಕೂಸು ಅಮ್ಮನ ಮಡಿಲಲ್ಲಿ ನಿದ್ದೆಹೋಗಿತ್ತು.

"ಮಲಗಿದಾನೆ. ಎಬ್ಬಿಸೋದು ಬೇಡ" ಎಂದಳು ಅಮ್ಮ, ತಲೆಯೆತ್ತದೆ.

ಅತ್ತೆ ನೀರು ತೊಟ್ಟಿಕ್ಕುವ ಕೈಗಳನ್ನು ಯಾವುದಕ್ಕೂ ತಾಗಿಸದೆ ಮುಂದೆ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಅವರ ಸರದಿ ಇನ್ನೂ ಮುಗಿದಿರಲಿಲ್ಲ.

ನಾನು ಎದ್ದು ಕೈ ತೊಳೆದು ಬಂದೆ. ಅಮ್ಮನ ಮಡಿಲಿಂದ ಕೂಸನ್ನು ಎತ್ತಿ ಅತ್ತೆಯ ತೋಳಿಗೆ ಕೊಟ್ಟೆ. ಅಮ್ಮನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.