ಅಪ್ಪನ ಅಂಗೈ ಇದ್ದ ಗಾಜು

ಕಾರಿನ ಹಿಂದಿನ ಗಾಜು ಒಡೆದದ್ದು ನನ್ನದೇ ಪೆದ್ದುತನದಿಂದ. ಅಪ್ಪ ತೀರಿಹೋದ ಮೇಲೆ ನಗುವನ್ನೇ ಮರೆತಿದ್ದ ಅಮ್ಮನನ್ನು ನಗಿಸಲು, ಅಪ್ಪನದೇ ದನಿಯಲ್ಲಿ "ಬರ್ಲಿ, ಬರ್ಲಿ" ಎನ್ನುತ್ತ ಕಾಪುವಿನ ನಮ್ಮ ಅಂಗಳದಲ್ಲಿ ರಿವರ್ಸ್ ಬಂದು ತೆಂಗಿನ ಮರಕ್ಕೆ ಗುದ್ದಿದೆ. ಊರವರ ದನಿಯನ್ನೆಲ್ಲ ಕದಿಯುವ ನನಗೆ ಕನ್ನಡಿ ನೋಡಲು ತಿಳಿಯಲಿಲ್ಲ.

ನಾನು ರಿವರ್ಸ್ ಬರುವಾಗ ಅಪ್ಪ ಯಾವಾಗಲೂ ಕಾರಿನ ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ಕರೆದು, ಕೊನೆಗೆ ಆ ಗಾಜಿಗೆ ಅಂಗೈ ಬಡಿದು "ಸಾಕು" ಎನ್ನುತ್ತಿದ್ದರು. ಧೂಳಿನಲ್ಲಿ ಉಳಿದಿದ್ದ ಆ ಗುರುತು ಅಳಿಸೀತೆಂದು ಅಮ್ಮ ಕಾರು ತೊಳೆಯಲು ಬಿಟ್ಟಿರಲಿಲ್ಲ.

ಪರ್ಕಳದ ಗಾಜಿನಂಗಡಿಯವರು, "ಮಂಜು ಹೋಗಿಸುವ ಡಿಫಾಗರ್ ಗೆರೆ ಇದ್ದ ಗ್ಲಾಸಾ? ಹಳೆಯದರಲ್ಲಿ ಎಂತಾದ್ರೂ ಬೇಕಿತ್ತಾ?" ಎಂದು ಕೇಳಿದರು. ಡಿಕ್ಕಿಯಲ್ಲಿ ಬರೀ ಚೂರುಗಳಿದ್ದವು.

ಹೊಸ ಗಾಜು ಹಾಕಿಸಿ ಬಂದು, "ಅಪ್ಪನ ಹಾಗೇ ಹೇಳಿದ್ದೆನಲ್ಲ, ಅಮ್ಮಾ" ಎಂದೆ.

ಅಮ್ಮ ಹೊಳೆಯುವ ಗಾಜನ್ನು ಮುಟ್ಟಲಿಲ್ಲ. "ಬರ್ಲಿ ಅಂತ ಹೇಳ್ಲಿಕ್ಕೆ ನಿನಗೂ ಬರ್ತದೆ ಮಾರಾಯ. ಸಾಕು ಅಂತ ಹೇಳ್ಲಿಕ್ಕೆ ಅವರೇ ಬೇಕಿತ್ತು."